ಮನೆ ಬಿಟ್ಟು ಬಂದು ಕಥೆ ಬರೆದ ಟೇಲರ್ ಸಾಹೇಬರು

(ಸಂಘದ ನಿರ್ದೇಶಕರೊಬ್ಬರ ಲೇಖನ)

ನಮ್ಮ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಬೆಳ್ಳಿ ಹಬ್ಬದ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಲೇಬೇಕೆಂದು ಸಂಪಾದಕ ಮಂಡಳಿಯವರು ಹಟ ಹಿಡಿದರು. ಬೀಜ, ಗೊಬ್ಬರ, ಬೆಳೆಸಾಲ, ವಸೂಲಿ ಇವುಗಳ ಬಗ್ಗೆ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು ಅಂಕಿ-ಸಂಖ್ಯೆ ಸಹಿತ ಬರೆಯುವವರಿದ್ದಾರೆ. ಎಸ್.ಎಸ್.ಎಲ್.ಸಿ. ಮುಗಿಸಿ ಒಕ್ಕಲುತನಕ್ಕೆ ನಿಂತ ನಾವು ಏನು ಬರೆಯಬೇಕು ಅಂತ ನಾಲ್ಕು ದಿನ ತಲೆ ಕೆಡಿಸಿಕೊಂಡೆವು. ಕಡೆಗೆ, ಬಹಳ ವರ್ಷಗಳಿಂದ ನಮ್ಮ ಮನಸ್ಸಿಗೆ ಹತ್ತಿಕೊಂಡಿರುವ ಒಬ್ಬ ಮನುಷ್ಯರ ಜೀವನ ಚರಿತ್ರೆಯನ್ನೇ ಬರೆದು ಕೊಡೋಣ ಎಂದು ಗಟ್ಟಿ ಮಾಡಿದೆವು. ಅವರೇ ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು. ದೇವದುರ್ಗದಿಂದ ಕೃಷ್ಣಾ ನದಿ ದಾಟಿದರೆ ಸಿಗುವ ಸುರಪುರದಲ್ಲಿ ಹನ್ನೆರಡು ವರ್ಷ ಕಾರಭಾರ ಮಾಡಿದವರು. ನಮ್ಮ ರಾಯಚೂರು ಸೀಮೆಯನ್ನು ಕಾದಂಬರಿಯಲ್ಲಿ ಬರೆದು ಲಂಡನ್ನಿನ ಮಂದಿಗೆ ಓದಿಸಿದವರು.

ಬಿಳಿ ಸಾಹೇಬರ ಕಥೆ ರೈತರ ಸಂಘದ ಪುಸ್ತಕದಲ್ಲಿ ಯಾಕೆ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯ. ಅದಕ್ಕೆ ಮೊದಲು ನಮ್ಮದೇ ಒಂದು ಸಣ್ಣ ಸಂಗತಿ ಹೇಳಬೇಕು.

2002-03ರ ಸುಮಾರಿಗೆ ಮಳೆ ಕೈ ಕೊಟ್ಟಿತು. ದೇವದುರ್ಗ, ಮಾನವಿ ತಾಲೂಕುಗಳ ಎಷ್ಟೋ ಹಳ್ಳಿಗಳು ಗುಳೆ ಹೋಗಿ ಮನೆಗಳಿಗೆ ಬೀಗ ಬಿದ್ದಿದ್ದವು. ನಾವೂ ಬೆಂಗಳೂರಿಗೆ ಹೋಗಿ ಕಟ್ಟಡದ ಕೆಲಸಕ್ಕೆ ನಿಂತೆವು. ತಗಡಿನ ಶೆಡ್ಡಿನಲ್ಲಿ ಹನ್ನೊಂದು ಮಂದಿ. ರಾತ್ರಿ ರೊಟ್ಟಿ ತಿಂದ ಮೇಲೆ ಎಲ್ಲರೂ ಮಲಗಿದರೆ ನಮಗೆ ಮಾತ್ರ ನಿದ್ದೆ ಬರುತ್ತಿದ್ದಿಲ್ಲ. ಒಂದು ಇನ್ನೂರು ಪುಟದ ನೋಟುಬುಕ್ಕು ತಂದು, ಊರಿನ ಮಂದಿಯನ್ನು ನೆನಸಿ ಕಥೆ ಬರೆಯಲಿಕ್ಕೆ ಹತ್ತಿದೆವು. ಊರಲ್ಲಿ ಇದ್ದಾಗ ಒಂದು ಸಾಲೂ ಬರೆದವರಲ್ಲ. ದೂರ ಹೋದ ಮೇಲೆ ನಮ್ಮ ಬಾವಿ, ನಮ್ಮ ಎತ್ತು, ಓಣಿಯ ಮುದುಕಿಯ ಬೈಗುಳ ಎಲ್ಲಾ ಕಣ್ಣಿಗೆ ಕಟ್ಟಿದಂಗ ಕಾಣುತ್ತಿತ್ತು. ಶೆಡ್ಡಿನ ಮಂದಿಗೆ ಓದಿ ಹೇಳಿದರೆ ನಗುತ್ತಿದ್ದರು, ಒಬ್ಬಿಬ್ಬರು ಅಳುತ್ತಿದ್ದರು. ಮುಂದೆ ಒಂದು ದಿನ ನಾವು ಕೆಲಸಕ್ಕೆ ಹೋದಾಗ ಗುತ್ತೇದಾರರ ಕಡೆಯವರು ಶೆಡ್ಡು ಕಿತ್ತು ಸಾಮಾನೆಲ್ಲಾ ಹೊರಗೆ ಹಾಕಿದರು. ಆ ಸಂಜೆ ಮಳೆ. ಆ ಪುಸ್ತಕ ತೊಯ್ದು ಮುದ್ದೆಯಾಯಿತು. ಊರಿಗೆ ಬಂದ ಮೇಲೆ ಅದನ್ನೇ ತಿರುಗಿ ಬರೆಯಬೇಕೆಂದರೆ ಕೈ ಏಳಲೇ ಇಲ್ಲ.

ಇದು ಯಾಕೆ ಹೀಗೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಟೇಲರ್ ಸಾಹೇಬರ ಚರಿತ್ರೆಯಿಂದ. ನಮ್ಮ ಸೋದರಮಾವನ ಊರು ಸುರಪುರದ ಕಡೆ. ಅಲ್ಲಿ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಂಗಲೆಯನ್ನು ಸಣ್ಣವರಿದ್ದಾಗಿನಿಂದ ನೋಡುತ್ತ ಬಂದಿದ್ದೆವು. ಅವರ ಆತ್ಮಕಥೆ ಇಂಗ್ಲಿಷಿನಲ್ಲಿದೆ. ರಾಯಚೂರಿನಲ್ಲಿ ಒಬ್ಬ ನಿವೃತ್ತ ಮಾಸ್ತರರು ಅದನ್ನು ದಿನಾ ಸಂಜೆ ಸ್ವಲ್ಪ ಸ್ವಲ್ಪ ಓದಿ ನಮಗೆ ಅರ್ಥ ಹೇಳಿದರು. ಆ ಮಾಸ್ತರರ ಉಪಕಾರ ದೊಡ್ಡದು.

ಹದಿನೈದನೇ ವಯಸ್ಸಿಗೆ ಮನೆ ಬಿಟ್ಟರು

ಟೇಲರ್ ಸಾಹೇಬರು ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಇಂಗ್ಲೆಂಡಿನ ಲಿವರ್‌ಪೂಲ್ ಬಂದರು ಪಟ್ಟಣದಲ್ಲಿ. ತಂದೆ ವ್ಯಾಪಾರಸ್ಥರು. ಮನೆಯ ಪರಿಸ್ಥಿತಿ ಇಳಿದದ್ದರಿಂದ ಹುಡುಗನ ವಿದ್ಯಾಭ್ಯಾಸ ಅರ್ಧಕ್ಕೇ ನಿಂತು, ಒಂದು ವ್ಯಾಪಾರಿ ಕಚೇರಿಯಲ್ಲಿ ಗುಮಾಸ್ತಿಕೆಗೆ ಹಾಕಿದರು. ಮುಂಬೈಯಲ್ಲಿ ಒಬ್ಬ ವ್ಯಾಪಾರಸ್ಥರ ಹತ್ತಿರ ಕೆಲಸ ಇದೆ, ಮುಂದೆ ಪಾಲುದಾರಿಕೆಯೂ ಸಿಗುತ್ತದೆ ಎಂಬ ಮಾತು ನಂಬಿ 1824ರಲ್ಲಿ ಹಡಗು ಹತ್ತಿಸಿದರು. ಆಗ ವಯಸ್ಸು ಹದಿನೈದು. ನಮ್ಮ ಹುಡುಗರು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡುವ ವಯಸ್ಸು.

ಇಲ್ಲಿ ಬಂದು ನೋಡಿದರೆ ಆ ವ್ಯಾಪಾರದ ಅಂಗಡಿಯೇ ದಿವಾಳಿ ಅಂಚಿನಲ್ಲಿತ್ತು. ಪಾಲುದಾರಿಕೆ ದೂರ ಉಳಿಯಿತು. ಪುಣ್ಯಕ್ಕೆ ಮುಂಬೈಯಲ್ಲಿ ಒಬ್ಬ ಸಂಬಂಧಿಕರು ದೊಡ್ಡ ಹುದ್ದೆಯಲ್ಲಿದ್ದರು. ಅವರು ಖಟಪಟಿ ಮಾಡಿ ಹೈದರಾಬಾದು ನಿಜಾಮನ ಸೈನ್ಯದಲ್ಲಿ ಒಂದು ಅಧಿಕಾರಿ ಕೆಲಸ ಕೊಡಿಸಿದರು. ಇಲ್ಲಿ ಒಂದು ಮಾತು ತಿಳಿದಿರಬೇಕು. ಇವರು ಈಸ್ಟ್ ಇಂಡಿಯಾ ಕಂಪನಿಯ ನೇರ ನೌಕರರಲ್ಲ, ನಿಜಾಮನ ಸಂಬಳದವರು. ಕಂಪನಿಯ ಸಾಹೇಬರಿಗೆ ಇದ್ದ ಬಡ್ತಿ, ಗೌರವ ಇವರಿಗೆ ಇರಲಿಲ್ಲ. ಇದ್ದ ದಾರಿ ಒಂದೇ. ಕಲಿಯಬೇಕು. ಹಿಂದೂಸ್ತಾನಿ, ಮರಾಠಿ, ಫಾರಸಿ ಕಲಿತರು. ಭೂಮಾಪನ, ಕಾಯಿದೆ, ಕಟ್ಟಡ ಕೆಲಸ, ಕಲ್ಲು-ಮಣ್ಣಿನ ಶಾಸ್ತ್ರ, ಗಿಡಮೂಲಿಕೆ ಎಲ್ಲವನ್ನೂ ಪುಸ್ತಕ ಹಿಡಿದು ತಾವೇ ಕಲಿತರು. ಚಿತ್ರ ಬರೆಯುವ ಕೈಯೂ ಇತ್ತು.

ಊರಿಂದ ಕಾಗದ ಬರಬೇಕಾದರೆ ಹಡಗು ಆಫ್ರಿಕಾ ಖಂಡವನ್ನೇ ಸುತ್ತಿ ಬರಬೇಕಾಗಿತ್ತು. ನಾಲ್ಕೈದು ತಿಂಗಳು ಹಿಡಿಯುತ್ತಿತ್ತು. ತಾಯಿ ಕ್ಷೇಮವೇ ಎಂದು ಕೇಳಿ ಬರೆದರೆ ಉತ್ತರ ಬರುವಷ್ಟರಲ್ಲಿ ಒಂದು ಮುಂಗಾರು, ಒಂದು ಹಿಂಗಾರು ಮುಗಿದು ಹೋಗುತ್ತಿತ್ತು. ಡೇರೆಯಲ್ಲಿ ಒಂಟಿಯಾಗಿ ಕೂತ ಹುಡುಗ ಲೇಖಣಿಗೆ ಮಸಿ ಹಚ್ಚಿ ಬರೆಯಲು ಕಲಿತದ್ದು ಈ ಕಾಗದಗಳಿಂದಲೇ ಎಂದು ನಮಗೆ ಅನ್ನಿಸುತ್ತದೆ.

1832ರಲ್ಲಿ ಹೈದರಾಬಾದಿನ ದೊಡ್ಡ ಸಾಹುಕಾರ ವಿಲಿಯಂ ಪಾಮರ್ ಅವರ ಮನೆತನದ ಮೇರಿಯವರೊಂದಿಗೆ ಲಗ್ನವಾಯಿತು. ಈ ಪಾಮರ್ ಸಾಹುಕಾರರ ತಾಯಿ ನಮ್ಮ ದೇಶದ ಹೆಣ್ಣುಮಗಳು. ಅಂದ ಮೇಲೆ ಟೇಲರ್ ಸಾಹೇಬರ ಬಳಗ ಅರ್ಧ ಇಲ್ಲಿನದೇ ಆಯಿತು.

ಠಗ್ಗರ ಕಥೆ ಕಾದಂಬರಿಯಾಯಿತು

ನಿಜಾಮನ ರಾಜ್ಯದ ನೈರುತ್ಯ ಭಾಗದಲ್ಲಿ ಪೊಲೀಸು ಕೆಲಸದ ಮೇಲೆ ಇದ್ದಾಗ, ದಾರಿ ಬದಿಗೆ ಹೆಣಗಳು ಸಿಗುತ್ತಿದ್ದವು. ಕೊಂದವರು ಯಾರು ಅಂತ ಗೊತ್ತಾಗುತ್ತಿದ್ದಿಲ್ಲ. ಇವರು ಬೆನ್ನು ಹತ್ತಿದರು. ಎಳೆ ಕೈಗೆ ಸಿಗುವ ಹೊತ್ತಿಗೆ ಪಲ್ಟಣಿಗೆ ವಾಪಸು ಬರಬೇಕೆಂದು ಹುಕುಂ ಬಂತು. ಮುಂದೆ ಆ ಕೊಲೆಗಾರರ ಜಾಲವನ್ನು ಬಯಲಿಗೆಳೆದ ಕೀರ್ತಿ ಉತ್ತರದ ಸ್ಲೀಮನ್ ಸಾಹೇಬರಿಗೆ ಹೋಯಿತು. ಅವರೇ ಠಗ್ಗರು. ಪ್ರಯಾಣಿಕರ ಜೊತೆ ಸ್ನೇಹ ಬೆಳೆಸಿ, ದಾರಿಯಲ್ಲಿ ಕೂಡಿ ಉಂಡು, ಸಮಯ ನೋಡಿ ರುಮಾಲಿನಿಂದ ಕುತ್ತಿಗೆ ಬಿಗಿದು ಕೊಂದು ಹೂಳುವವರು.

ಕೀರ್ತಿ ತಪ್ಪಿತೆಂದು ಟೇಲರ್ ಸಾಹೇಬರು ಕೈ ಕಟ್ಟಿ ಕೂಡಲಿಲ್ಲ. ಹಿಡಿದು ತಂದ ಠಗ್ಗರು ಹೇಳಿದ ಹೇಳಿಕೆಗಳನ್ನು ಖುದ್ದು ಕೂತು ಕೇಳಿದರು. ಅದನ್ನೇ ಕಾದಂಬರಿ ಮಾಡಿದರು. ಅಮೀರ್ ಅಲಿ ಎಂಬ ಠಗ್ಗ ಬಂದೀಖಾನೆಯಲ್ಲಿ ಕೂತು ಸಾಹೇಬರ ಮುಂದೆ ತನ್ನ ಜೀವನ ಹೇಳುತ್ತಾನೆ. ಅಷ್ಟೇ ಕಥೆ. ಹೇಳುವವನು ಕೊಲೆಗಾರ, ಆದರೂ ಅವನ ಮಾತಿನಲ್ಲಿ ಮನುಷ್ಯ ಕಾಣುತ್ತಾನೆ. 1830ರ ದಶಕದ ಕೊನೆಗೆ ರಜೆ ಮೇಲೆ ಇಂಗ್ಲೆಂಡಿಗೆ ಹೋದಾಗ, 1839ರಲ್ಲಿ ಈ ಪುಸ್ತಕ ಮೂರು ಸಂಪುಟವಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ವಿಕ್ಟೋರಿಯಾ ರಾಣಿಯವರು ತಡ ಸಹಿಸದೆ ಅಚ್ಚಿನ ಕರಡು ಹಾಳೆಗಳನ್ನೇ ತರಿಸಿಕೊಂಡು ಓದಿದರೆಂದು ಪ್ರಸಿದ್ಧಿ ಇದೆ. ಮರುವರ್ಷ 1840ರಲ್ಲಿ ಟಿಪ್ಪು ಸುಲ್ತಾನನ ಮೇಲೆ ಬರೆದ ಕಾದಂಬರಿಯೂ ಬಂತು.

ಈಗಿನ ಹುಡುಗರು ಒಂದು ಸಂಗತಿ ಲಕ್ಷ್ಯದಲ್ಲಿ ಇಡಬೇಕು. ಟೈಪು ಮಾಡುವ ಮಷೀನು ಮಾರುಕಟ್ಟೆಗೆ ಬಂದದ್ದೇ 1870ರ ದಶಕದಲ್ಲಿ. ಮೂರು ಸಂಪುಟದ ಕಾದಂಬರಿಯೆಂದರೆ ಅಷ್ಟೂ ಹಾಳೆ ಕೈಬರಹ. ದೀಪದ ಬೆಳಕಿನಲ್ಲಿ, ಸೊಳ್ಳೆ ಕಡಿಸಿಕೊಂಡು, ಜ್ವರ ಬಂದಾಗ ಬಿಟ್ಟು, ಬಿಟ್ಟಾಗ ಬರೆದದ್ದು. ಒಂದು ಪ್ರತಿ ಹೋಯಿತೆಂದರೆ ಹೋಯಿತು. ಇದರ ಸಂಕಟ ನಮಗೆ ಚೆನ್ನಾಗಿ ಗೊತ್ತು.

ಸುರಪುರದ ಹನ್ನೆರಡು ವರ್ಷ

ರಜೆಯಿಂದ ಬಂದ ಮೇಲೆ 1841ರಲ್ಲಿ ಇವರನ್ನು ಸುರಪುರಕ್ಕೆ ಕಳಿಸಿದರು. ಸುರಪುರವೆಂದರೆ ಬೇಡ ನಾಯಕರ ಸಂಸ್ಥಾನ. ಔರಂಗಜೇಬನ ಫೌಜಿಗೂ ಬಗ್ಗದ ಮನೆತನ ಅದು. ಆ ವರ್ಷ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಿದ್ದರು. ಮಗ ವೆಂಕಟಪ್ಪ ನಾಯಕ ಏಳೆಂಟು ವರ್ಷದ ಕೂಸು. ತಾಯಿ ರಾಣಿ ಈಶ್ವರಮ್ಮನವರು ಗಟ್ಟಿ ಹೆಣ್ಣುಮಗಳು, ಅಧಿಕಾರ ಬಿಟ್ಟುಕೊಡಲು ತಯಾರಿರಲಿಲ್ಲ. ಸಂಸ್ಥಾನದ ತಲೆ ಮೇಲೆ ನಿಜಾಮನಿಗೆ ಕೊಡಬೇಕಾದ ನಜರಾಣೆಯ ಸಾಲ ಬೆಟ್ಟದಷ್ಟು. ಒಂದು ಸಾಲ ತೀರಿಸಲು ಇನ್ನೊಂದು ಸಾಲ, ಬಡ್ಡಿಗೆ ಬಡ್ಡಿ. ರೈತರಾದ ನಮಗೆ ಈ ಲೆಕ್ಕ ಬಿಡಿಸಿ ಹೇಳುವುದು ಬೇಕಿಲ್ಲ.

ಟೇಲರ್ ಸಾಹೇಬರು ಅಲ್ಲಿ ದೊಡ್ಡ ಯುದ್ಧ ಮಾಡದೆ ಮಾತು, ತಾಳ್ಮೆ, ಸ್ವಲ್ಪ ಬೆದರಿಕೆ ಇವುಗಳಿಂದಲೇ ಆಡಳಿತ ಕೈಗೆ ತಗೊಂಡರು. ವಸೂಲಿ ಒಂದು ಪದ್ಧತಿಗೆ ತಂದರು. ಸಾಲದ ಲೆಕ್ಕ ಒಂದೊಂದಾಗಿ ತೀರಿಸಿದರು. ರಸ್ತೆ ಮಾಡಿಸಿದರು. ನಾಯಕರ ಕಾಲದ ಬೋನಾಳ ಕೆರೆಯನ್ನು ದೊಡ್ಡದು ಮಾಡಿ ಕಟ್ಟೆ ಭದ್ರಪಡಿಸಿದರು. ಆ ಕೆರೆ ಇವತ್ತಿಗೂ ಇದೆ, ಈಗ ಪಕ್ಷಿಧಾಮವೆಂದು ಹೆಸರಾಗಿದೆ. ಗುಡ್ಡದ ಮೇಲೆ ತಮಗೊಂದು ಬಂಗಲೆ ಕಟ್ಟಿಸಿಕೊಂಡರು. ಅದೇ ಟೇಲರ್ ಮಂಜಿಲ್.

ಬಾಲರಾಜ ವೆಂಕಟಪ್ಪ ನಾಯಕರು ಈ ಸಾಹೇಬರ ಕೈಯಲ್ಲೇ ಬೆಳೆದರು. ಅವರು ಸಾಹೇಬರನ್ನು ಕರೆಯುತ್ತಿದ್ದುದು ಅಪ್ಪಾ ಎಂದು. ಇದು ಹೊರಗಿನವರು ಹೊಗಳಲಿಕ್ಕೆ ಕಟ್ಟಿದ ಮಾತಲ್ಲ, ಸಾಹೇಬರೇ ಬರೆದುಕೊಂಡಿದ್ದಾರೆ. 1844ರಲ್ಲಿ ಹೆಂಡತಿ ಮೇರಿ ತೀರಿಕೊಂಡರು. ಸಾಹೇಬರು ಒಬ್ಬರೇ ಆದರು. ಆ ಮೇಲೆ ಕೆಲಸ ಮತ್ತು ಬರಹವೇ ಆಸರೆ.

ಆದರೆ ನೋಡಿರಿ, ಈ ಹನ್ನೆರಡು ವರ್ಷದಲ್ಲಿ ಅವರು ಒಂದೂ ಕಾದಂಬರಿ ಹೊರಗೆ ತರಲಿಲ್ಲ. ಲಂಡನ್ನಿನ ಟೈಮ್ಸ್ ಪತ್ರಿಕೆಗೆ 1840ರಿಂದ 1853ರವರೆಗೆ ಇಲ್ಲಿಂದ ಸುದ್ದಿ ಬರೆದು ಕಳಿಸುತ್ತಿದ್ದರು. ರಾಜನಕೊಳೂರು, ವಿಭೂತಿಹಳ್ಳಿ ಕಡೆಯ ಹಳೆಯ ಕಲ್ಲುಗೋರಿಗಳನ್ನು ಅಳೆದು ಚಿತ್ರ ಬರೆದು ವಿದ್ವಾಂಸರಿಗೆ ತಿಳಿಸಿದರು. ಊರ ದನಗಾಹಿಗಳು ದಿನಾ ನೋಡುವ ಆ ಕಲ್ಲುಗಳಿಗೆ ಸಾವಿರಾರು ವರ್ಷದ ಬೆಲೆ ಇದೆ ಅಂತ ಹೊರಗಿನ ಜಗತ್ತಿಗೆ ಗೊತ್ತಾಗುವುದಕ್ಕೆ ಇವರ ಬರಹ ದೊಡ್ಡ ಕಾರಣ. ಆದರೆ ಕಥೆ ಬರೆಯಲಿಲ್ಲ. ಮನಸ್ಸಿನಲ್ಲಿ ಕಥೆ ಇತ್ತು. ತುಳಜಾಪುರದ ಒಂದು ಹುಡುಗಿಯ ಕಥೆ ಎಂದಿನಿಂದಲೋ ಕಟ್ಟಿಕೊಂಡಿದ್ದರು. ಅದು ಇಪ್ಪತ್ತು ವರ್ಷಕ್ಕೂ ಮೇಲೆ ಹಗೇವಿನಲ್ಲಿ ಜೋಳ ಇದ್ದ ಹಾಗೆ ಒಳಗೇ ಇತ್ತು.

ನಮ್ಮ ಸೀಮೆ ಸಾಲಕ್ಕೆ ಹೋದದ್ದು

1853ರಲ್ಲಿ ಎರಡು ಸಂಗತಿ ನಡೆದವು. ರಾಜಾ ವೆಂಕಟಪ್ಪ ನಾಯಕರು ಪ್ರಾಯಕ್ಕೆ ಬಂದದ್ದರಿಂದ ಸಂಸ್ಥಾನವನ್ನು ಅವರ ಕೈಗೆ ಒಪ್ಪಿಸಿ ಸಾಹೇಬರು ಸುರಪುರ ಬಿಟ್ಟರು. ಅದೇ ವರ್ಷ ನಿಜಾಮನು ಇಂಗ್ಲಿಷರ ಫೌಜಿನ ಖರ್ಚಿನ ಸಾಲ ತೀರಿಸಲಾಗದೆ ಬೇರಾರ್, ನಳದುರ್ಗ ಮತ್ತು ನಮ್ಮ ರಾಯಚೂರು ದೋಆಬನ್ನು ಕಂಪನಿಗೆ ಬರೆದು ಕೊಟ್ಟನು. ಕೃಷ್ಣಾ-ತುಂಗಭದ್ರೆಯ ನಡುವಿನ ರಾಯಚೂರು, ಮಾನವಿಯ ಹೊಲಗಳೆಲ್ಲಾ ಹೀಗೆ ಒಬ್ಬ ದೊರೆಯ ಸಾಲಕ್ಕೆ ಅಡವು ಬಿದ್ದವು. ರೈತನನ್ನು ಕೇಳಿದವರು ಯಾರೂ ಇಲ್ಲ. ಟೇಲರ್ ಸಾಹೇಬರಿಗೆ ನಳದುರ್ಗದ ಆಡಳಿತ ಬಂತು. 1857ರಲ್ಲಿ ದೇಶದ ತುಂಬ ದಂಗೆ ಎದ್ದಾಗ ಅವರನ್ನು ಬೇರಾರಿನ ಬುಲ್ಡಾಣಾಕ್ಕೆ ಕಳಿಸಿದರು. ಕೈಯಲ್ಲಿ ಸೈನ್ಯ ಇಲ್ಲದಿದ್ದರೂ ಆ ಸೀಮೆಯನ್ನು ಶಾಂತವಾಗಿ ಇಟ್ಟರು.

ಇತ್ತ ಸುರಪುರದಲ್ಲಿ ಬೆಂಕಿ ಹತ್ತಿತು. 1858ರ ಫೆಬ್ರುವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ವಿರುದ್ಧ ತಿರುಗಿ ಬಿದ್ದರು. ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಆ ಕಾಳಗದಲ್ಲಿ ಸತ್ತನು. ರಾಜರು ರಾತ್ರೋರಾತ್ರಿ ಹೈದರಾಬಾದಿಗೆ ಹೋದರು, ಅಲ್ಲಿ ಸಿಕ್ಕಿಬಿದ್ದರು. ಟೇಲರ್ ಸಾಹೇಬರನ್ನು ಮತ್ತೆ ಸುರಪುರದ ಕಮಿಷನರರನ್ನಾಗಿ ಕಳಿಸಿದರು. ದಾರಿಯಲ್ಲಿ ಅವರು ಬಂದೀಖಾನೆಗೆ ಹೋಗಿ ರಾಜರನ್ನು ಕಂಡರು. ಅಪ್ಪಾ ಎಂದು ಕರೆಯುತ್ತಿದ್ದ ಹುಡುಗ ಈಗ ಸರಪಳಿಯಲ್ಲಿ. ರಾಜರು ಸಾಹೇಬರನ್ನು ತಬ್ಬಿಕೊಂಡು ಅತ್ತರೆಂದೂ, ತಮ್ಮನ್ನು ಕಳ್ಳರಂತೆ ಗಲ್ಲಿಗೆ ಹಾಕಬಾರದು, ಬೇಕಾದರೆ ತೋಪಿನ ಬಾಯಿಗೆ ಕಟ್ಟಲಿ ಎಂದರೆಂದೂ ಸಾಹೇಬರು ಬರೆದಿದ್ದಾರೆ. ಯಾರು ಯಾರು ಜೊತೆಗಿದ್ದರು ಎಂದು ಹೆಸರು ಹೇಳಲು ರಾಜರು ಒಪ್ಪಲಿಲ್ಲ.

ಮರಣದಂಡನೆ ಆಯಿತು. ನಂತರ ಅದು ಕರಿನೀರಿನ ಶಿಕ್ಷೆಗೆ ಇಳಿಯಿತು. ಮುಂದೆ ಗವರ್ನರ್ ಜನರಲ್ ಅದನ್ನೂ ಇಳಿಸಿ ಮದ್ರಾಸಿನ ಕಡೆ ಚೆಂಗಲಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಇರಿಸಬೇಕೆಂದರು. ಕರೆದುಕೊಂಡು ಹೋಗುವಾಗ ದಾರಿಯಲ್ಲಿಯೇ, 1858ರ ಮೇ ತಿಂಗಳಲ್ಲಿ, ಗುಂಡಿನಿಂದ ರಾಜರ ಪ್ರಾಣ ಹೋಯಿತು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾವೇ ಹೊಡೆದುಕೊಂಡರೆಂದು ಸಾಹೇಬರು ಬರೆದಿದ್ದಾರೆ. ಇಪ್ಪತ್ನಾಲ್ಕನೇ ವರ್ಷ ದಾಟುವುದಿಲ್ಲವೆಂದು ಜಾತಕದಲ್ಲಿ ಮೊದಲೇ ಇತ್ತೆಂಬುದನ್ನೂ ಬರೆದಿದ್ದಾರೆ. ನಮ್ಮ ಕಡೆಯ ಮಂದಿ ಇದನ್ನು ಪೂರಾ ನಂಬುವುದಿಲ್ಲ. ಇಂಗ್ಲಿಷರೇ ಕೊಂದರೆನ್ನುವವರು ಇವತ್ತಿಗೂ ಇದ್ದಾರೆ. ಪಹರೆಯಲ್ಲಿದ್ದ ಕೈದಿಯ ಕೈಗೆ ಪಿಸ್ತೂಲು ಹೇಗೆ ಬಂತು ಎಂಬ ಮಾತು ಸುರಪುರದ ಕಟ್ಟೆಗಳ ಮೇಲೆ ನಾವು ಕೇಳಿದ್ದೇವೆ.

ದೂರ ಹೋದ ಮೇಲೆ ಬರೆದರು

1860ರಲ್ಲಿ ರಾಯಚೂರು ದೋಆಬು ನಿಜಾಮನಿಗೆ ವಾಪಸು ಹೋಯಿತು. ಸುರಪುರವೂ ನಿಜಾಮನ ಪಾಲಾಯಿತು. ಅದೇ ವರ್ಷ ಆರೋಗ್ಯ ಪೂರ್ತಿ ಕೆಟ್ಟು ಸಾಹೇಬರು ಸೀಮೆಗೆ ಹೊರಟರು. ಬಂದಾಗ ಹದಿನೈದು ವರ್ಷದ ಹುಡುಗ, ಹೊರಟಾಗ ಐವತ್ತು ದಾಟಿದ ಮುದುಕ. ಐರ್ಲೆಂಡಿನ ಡಬ್ಲಿನ್ ಊರಲ್ಲಿ ಮಕ್ಕಳ ಜೊತೆ ಇದ್ದರು. ತಲೆಗೆ ಆಯಾಸವಾಗಿ ನೆನಪೇ ನಿಲ್ಲದಂಥ ಕಾಯಿಲೆ. ಓದುವುದು, ಬರೆಯುವುದು ಬೇಡವೆನ್ನುವ ಸ್ಥಿತಿ.

ಇಲ್ಲೇ ನಮಗೆ ಆಶ್ಚರ್ಯದ ಸಂಗತಿ ಇರುವುದು. ಸುರಪುರದಲ್ಲಿ ಕೂತಾಗ ಬಾರದ ಕಾದಂಬರಿಗಳು ಡಬ್ಲಿನ್‌ನಲ್ಲಿ ಸಾಲಾಗಿ ಬಂದವು. ಸ್ವಲ್ಪ ಚೇತರಿಸಿಕೊಳ್ಳುತ್ತಲೇ ಹಗೇವು ತೆಗೆದರು. ತುಳಜಾಪುರದ ಹುಡುಗಿಯ ಕಥೆ ತಾರಾ ಎಂಬ ಹೆಸರಿನಿಂದ 1863ರಲ್ಲಿ ಬಂತು. ಅದರಲ್ಲಿ ಶಿವಾಜಿ ಮತ್ತು ಅಫ್ಜಲ್ ಖಾನರ ಪ್ರಸಂಗವಿದೆ. 1865ರಲ್ಲಿ ರಾಲ್ಫ್ ಡಾರ್ನೆಲ್, 1872ರಲ್ಲಿ ಸೀತಾ. ಒಂದು 1657ರ ಕಾಲದ್ದು, ಒಂದು 1757ರದ್ದು, ಒಂದು 1857ರದ್ದು. ನೂರು ನೂರು ವರ್ಷಕ್ಕೊಂದರಂತೆ ನಮ್ಮ ದೇಶದ ಕಥೆ. 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಹಿಂದೂಸ್ತಾನದ ಚರಿತ್ರೆಯನ್ನೂ ಬರೆದರು.

ಕೊನೆಯ ಕಾದಂಬರಿ ಚಾಂದಬೀಬಿಯ ಮೇಲೆ. ಅದು ಅವರು ತೀರಿಕೊಂಡ ಮೇಲೆ 1878ರಲ್ಲಿ ಪುಸ್ತಕವಾಯಿತು. ನಮ್ಮ ಜಿಲ್ಲೆಯವರು ಅದನ್ನು ಅವಶ್ಯ ನೋಡಬೇಕು. ಅದರಲ್ಲಿ ಬರುವ ಜಲದುರ್ಗ, ನಮ್ಮ ಲಿಂಗಸುಗೂರು ತಾಲೂಕಿನ ಜಲದುರ್ಗವೇ. ಕೃಷ್ಣೆಯ ಸೆಳವು, ಬೇಡರ ನಾಯಕರು, ಮುದಗಲ್ಲಿನ ಕ್ರೈಸ್ತರ ಗುಡಿ, ಎಲ್ಲವೂ ಅಲ್ಲಿವೆ. ಮಂಜು ಸುರಿಯುವ ದೇಶದಲ್ಲಿ ಬೆಂಕಿ ಕಾಸಿಕೊಳ್ಳುತ್ತ ಕೂತ ಮುದುಕರು ಜಲದುರ್ಗದ ಬಿಸಿಲು ಬರೆದರು. ಮಾಸ್ತರರು ಆ ಭಾಗ ಓದಿ ಹೇಳಿದ ದಿನ ನಮಗೆ ಬೆಂಗಳೂರಿನ ತಗಡಿನ ಶೆಡ್ಡು ನೆನಪಾಯಿತು. ಸಾಹೇಬರು ಮನೆ ಬಿಟ್ಟು ಇಲ್ಲಿಗೆ ಬಂದವರು ಅಂತ ನಾವು ತಿಳಿದಿದ್ದೆವು. ಇಲ್ಲ. ಅವರು ಮನೆ ಬಿಟ್ಟು ಹೋದದ್ದು 1860ರಲ್ಲಿ. ಮೂವತ್ತಾರು ವರ್ಷ ಉಂಡು ಮಲಗಿದ ನೆಲವೇ ಮನೆ. ಅದು ಕಣ್ಣಿಗೆ ಮರೆಯಾದ ಮೇಲೆ ಕೈ ತಾನಾಗಿ ಬರೆಯಿತು.

ಬರೆಯದೇ ಉಳಿದ ಕಾದಂಬರಿ

ಇಷ್ಟೆಲ್ಲಾ ಬರೆದವರು ಒಂದು ಕಾದಂಬರಿ ಮಾತ್ರ ಬರೆಯಲಿಲ್ಲ. ಠಗ್ಗನ ಕಥೆ ಬರೆದರು, ಟಿಪ್ಪುವಿನ ಕಥೆ ಬರೆದರು, ಚಾಂದಬೀಬಿಯ ಕಥೆ ಬರೆದರು. 1857ರ ದಂಗೆಯ ಮೇಲೂ ಕಾದಂಬರಿ ಬರೆದರು. ಆದರೆ ಅಪ್ಪಾ ಎಂದು ಕರೆದ ಹುಡುಗನ ಕಥೆಯನ್ನು ಕಾದಂಬರಿ ಮಾಡಲಿಲ್ಲ. ಕಾದಂಬರಿಕಾರನಿಗೆ ಅದಕ್ಕಿಂತ ದೊಡ್ಡ ಕಥೆ ಎಲ್ಲಿ ಸಿಕ್ಕೀತು? ತಂದೆಯಿಲ್ಲದ ರಾಜಕುಮಾರ, ಸಾಕಿದ ಪರದೇಶದ ಸಾಹೇಬ, ಜಾತಕ, ದಂಗೆ, ಬಂದೀಖಾನೆಯ ಭೇಟಿ, ದಾರಿಯಲ್ಲಿ ಸಾವು. ಎಲ್ಲಾ ತಯಾರಾಗಿಯೇ ಇತ್ತು.

ಅದನ್ನು ಅವರು ಆತ್ಮಕಥೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿ ಮುಗಿಸಿದರು. ಯಾಕೆ ಎಂದು ಅವರು ಎಲ್ಲೂ ಹೇಳಿದ್ದು ನಮ್ಮ ಓದಿಗೆ ಸಿಕ್ಕಿಲ್ಲ. ನಮ್ಮ ಅನಿಸಿಕೆ ಇಷ್ಟೇ. ಕಾದಂಬರಿ ಬರೆಯಬೇಕಾದರೆ ಕೊನೆಗೆ ಒಬ್ಬರದು ತಪ್ಪು ಅಂತ ಬರೆಯಬೇಕಾಗುತ್ತದೆ. ಹುಡುಗನ ತಪ್ಪೆಂದರೆ ಬೆಳೆಸಿದ ಕೈಗೆ ಬರುತ್ತದೆ. ಸರಕಾರದ ತಪ್ಪೆಂದರೆ ಉಂಡ ಅನ್ನಕ್ಕೆ ಬರುತ್ತದೆ. ಅವರು ಪ್ರೀತಿಯಲ್ಲಿ ಸುಳ್ಳರಲ್ಲ, ಆದರೆ ನಿಂತದ್ದು ಇಂಗ್ಲಿಷರ ಕಡೆ. ಕೆರೆ ಕಟ್ಟಿಸಿದವರೂ ಅವರೇ, ರಾಜರನ್ನು ಸೆರೆಯಲ್ಲಿಟ್ಟ ಸರಕಾರದ ಅಧಿಕಾರಿಯೂ ಅವರೇ. ಎರಡನ್ನೂ ಮರೆಯದೆ ನೆನೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಹೊಗಳುವವರು ಒಂದನ್ನು ಬಿಡುತ್ತಾರೆ, ಬೈಯುವವರು ಇನ್ನೊಂದನ್ನು ಬಿಡುತ್ತಾರೆ.

1875ರಲ್ಲಿ ಹೈದರಾಬಾದಿನ ದಿವಾನ ಸಾಲಾರ್ ಜಂಗರ ಆಮಂತ್ರಣದ ಮೇಲೆ, ಅರವತ್ತೇಳರ ವಯಸ್ಸಿನಲ್ಲಿ, ಮತ್ತೊಮ್ಮೆ ಈ ನೆಲಕ್ಕೆ ಬಂದರು. ಜ್ವರ ಹಿಡಿಯಿತು, ಕಣ್ಣು ಹೋದವು. ವಾಪಸು ಹೋಗುವಾಗ ಊರು ಮುಟ್ಟಲಿಲ್ಲ. ಫ್ರಾನ್ಸ್ ದೇಶದ ಮೆಂಟನ್ ಎಂಬಲ್ಲಿ 1876ರ ಮೇ 13ರಂದು ದಾರಿಯಲ್ಲೇ ತೀರಿಕೊಂಡರು. ಅವರ ಆತ್ಮಕಥೆಯನ್ನು ಮಗಳು ಆಲಿಸ್ ಸರಿಪಡಿಸಿ 1877ರಲ್ಲಿ ಹೊರತಂದರು. ರಾಜಾ ವೆಂಕಟಪ್ಪ ನಾಯಕರೂ ಮೇ ತಿಂಗಳಲ್ಲೇ, ದಾರಿಯಲ್ಲೇ ಹೋದವರು ಎಂಬುದು ಬರೆಯುವಾಗ ನಮಗೆ ಥಟ್ಟನೆ ಹೊಳೆಯಿತು.

ನಾವು ಕಲಿಯಬೇಕಾದದ್ದು

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಕಥೆ ನಮ್ಮ ಸಂಘದ ಸಂಚಿಕೆಯಲ್ಲಿ ಯಾಕೆ?

ಆ ಬಂದೀಖಾನೆಯ ಭೇಟಿಯಲ್ಲಿ ಇಬ್ಬರಿದ್ದರು. ಅದರಲ್ಲಿ ಒಬ್ಬರು ಬರೆದರು, ಒಬ್ಬರು ಬರೆಯಲಿಲ್ಲ. ಬರೆದವರ ಮಾತು ನೂರೈವತ್ತು ವರ್ಷದ ಮೇಲೂ ಉಳಿಯಿತು. ನಮ್ಮ ರಾಜರು ಆ ದಿನ ಏನು ಹೇಳಿದರು ಎಂಬುದನ್ನೂ ನಾವು ಸಾಹೇಬರ ಕೈಬರಹದಿಂದಲೇ ತಿಳಿಯಬೇಕಾಯಿತು. ನಂಬುವುದೂ ಅದನ್ನೇ, ಅನುಮಾನ ಪಡುವುದೂ ಅದನ್ನೇ. ಬೇರೆ ಕಾಗದ ನಮ್ಮ ಕೈಯಲ್ಲಿಲ್ಲ.

ಸಹಕಾರ ಸಂಘದಲ್ಲಿ ಇರುವ ನಮಗೆ ಬರಹದ ಬೆಲೆ ಗ್ರಂಥ ಓದದೆಯೂ ಗೊತ್ತಿದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲನೇ ಪತ್ತಿನ ಸಂಘ ಕಟ್ಟಿದಂದಿನಿಂದ ಎಲ್ಲ ಸಂಘಗಳೂ ನಿಂತಿರುವುದು ಬರಹದ ಮೇಲೆ. ಕೀರ್ದಿಯಲ್ಲಿ ಬರೆಯದ ರೂಪಾಯಿ ಕೊಟ್ಟಂಗಲ್ಲ, ನಡಾವಳಿ ಪುಸ್ತಕದಲ್ಲಿ ಬರೆಯದ ಠರಾವು ಆದಂಗಲ್ಲ. ಸಾಹುಕಾರರ ಕಾಲದಲ್ಲಿ ನಮ್ಮ ಹಿರಿಯರು ಹೊಲ ಕಳೆದುಕೊಂಡದ್ದು ಬರೆದದ್ದನ್ನು ಓದಲಿಕ್ಕೆ ಬಾರದೆ. ಹಣದ ಲೆಕ್ಕಕ್ಕೆ ಈ ಮಾತು ಒಪ್ಪಿದ್ದೇವೆ. ಬಾಳಿನ ಲೆಕ್ಕಕ್ಕೆ ಇನ್ನೂ ಒಪ್ಪಿಲ್ಲ.

ಇವತ್ತು ನಾರಾಯಣಪುರ ಬಲದಂಡೆ ಕಾಲುವೆಯಿಂದ ದೇವದುರ್ಗದ ಕಡೆ, ತುಂಗಭದ್ರಾ ಎಡದಂಡೆಯಿಂದ ಮಾನವಿಯ ಕಡೆ ನೀರು ಹರಿದಿದೆ. ಆದರೂ ಕಾಲುವೆಯ ಕೊನೆ ಭಾಗದ ಹಳ್ಳಿಗಳಿಂದ, ಒಣಬೇಸಾಯದ ಹಳ್ಳಿಗಳಿಂದ ಗುಳೆ ಹೋಗುವುದು ನಿಂತಿಲ್ಲ. ಬೆಂಗಳೂರು, ಪುಣೆ, ಮುಂಬೈ ಶೆಡ್ಡುಗಳಲ್ಲಿ ನಮ್ಮ ಹುಡುಗರು ಇದ್ದಾರೆ. ಅವರಲ್ಲಿ ಯಾರಿಗಾದರೂ ರಾತ್ರಿ ನಿದ್ದೆ ಬಾರದೆ ಊರು ಕಣ್ಣಿಗೆ ಕಟ್ಟಿದರೆ, ಒಂದು ನೋಟುಬುಕ್ಕು ತಗೊಂಡು ಬರೆಯಿರಿ ಎಂದು ನಾವು ಕೇಳಿಕೊಳ್ಳುತ್ತೇವೆ. ಕಥೆಯಾದರೂ ಬರೆಯಿರಿ, ಕಾಗದವಾದರೂ ಬರೆಯಿರಿ. ಅಕ್ಷರ ಸೊಟ್ಟ ಇದ್ದರೂ ನಡೆಯುತ್ತದೆ. ಊರಿಗೆ ಬಂದ ಮೇಲೆ ಬರೆಯೋಣ ಅನ್ನಬೇಡಿರಿ. ಬಂದ ಮೇಲೆ ಅದು ಬರುವುದಿಲ್ಲ. ನಮಗೆ ಬರಲಿಲ್ಲ, ಅಷ್ಟು ದೊಡ್ಡ ಟೇಲರ್ ಸಾಹೇಬರಿಗೂ ಸುರಪುರದಲ್ಲಿ ಕೂತು ಬರಲಿಲ್ಲ. ಬರೆದದ್ದನ್ನು ಮಾತ್ರ ಮಳೆಗೆ ಸಿಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿರಿ.

ಈ ಬೆಳ್ಳಿ ಹಬ್ಬದ ನೆನಪಿಗೆ ಸಂಘದ ಕಚೇರಿಯ ಕಪಾಟಿನಲ್ಲಿ, ಕೀರ್ದಿ ಖಾತೆ ಪುಸ್ತಕಗಳ ಪಕ್ಕದಲ್ಲಿ, ಇಂಥ ನೋಟುಬುಕ್ಕುಗಳಿಗೆ ಒಂದು ಖಾನೆ ಬಿಡಬೇಕೆಂದು ಮುಂದಿನ ಸಭೆಯಲ್ಲಿ ನಾವು ಸೂಚನೆ ಮಂಡಿಸುವವರಿದ್ದೇವೆ. ಅನುಮೋದಿಸುವವರು ಒಬ್ಬರು ಬೇಕು. ಮೊದಲನೇ ಪುಸ್ತಕ ನಾವೇ ಇಡುತ್ತೇವೆ. ತೊಯ್ದು ಹೋದದ್ದರಲ್ಲಿ ನೆನಪಿದ್ದಷ್ಟು ಕೂಡಿಸಿ ಬರೆಯಲು, ನಾಲ್ಕು ದಿನ ಮಗಳ ಊರಿಗೆ ಹೋಗಿ ಕೂತು ನೋಡಬೇಕೆಂದಿದ್ದೇವೆ.

ಅಲ್ಪವಿದ್ಯೆಯ ನಮ್ಮ ಬರಹದಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಿ ಹೇಳಬೇಕು.